ನಮ್ಮೂರ ಟೇಲರ್‌ಗೆ ಬ್ರೇಕ್ ಹಾಕಿಸುವವರು ಯಾರು?

ಅಮೆರಿಕದಲ್ಲಿ ಮೋಟಾರ್ ಹೋಮ್ ಅಂತ ಒಂದು ಗಾಡಿ ಇದೆಯಲ್ಲ, ಒಳಗೇ ಮಂಚ, ಒಲೆ, ಬಚ್ಚಲು ಎಲ್ಲಾ ಇರುವ ಬಸ್ಸಿನಂಥದ್ದು, ಅದರ ರೇಟು ಏರಿದ ಕಥೆಯನ್ನು ನಿಮ್ಮಲ್ಲಿ ಕೆಲವರಾದರೂ ಓದಿರುತ್ತೀರಿ. ಕೊರೊನಾ ಕಾಲದಲ್ಲಿ ವಿಮಾನ, ಹೋಟೆಲು ಬಂದ್ ಆದಾಗ ಅಲ್ಲಿನ ಜನ ಈ ಗಾಡಿಗಳ ಹಿಂದೆ ಬಿದ್ದರು. ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಳನ್ನೂ ಸೇರಿಸಿದರೆ 2021ರಲ್ಲಿ ಆರು ಲಕ್ಷ ಗಾಡಿ ಕಾರ್ಖಾನೆಗಳಿಂದ ಹೊರಬಿದ್ದವು. ಅದು ಅಲ್ಲಿಯ ದಾಖಲೆ. 2023ರ ಹೊತ್ತಿಗೆ ಅದು ಮೂರು ಲಕ್ಷ ಚಿಲ್ಲರೆಗೆ ಇಳಿಯಿತು. ನಮ್ಮ ಪಕ್ಕದ ಕೇರಳದವರೂ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಅಂತಲೇ ಒಂದು ನೀತಿ ತಂದರು.

ಜಮಖಂಡಿ ಕಡೆಯವನಿಗೆ ಈ ಉಸಾಬರಿ ಯಾಕೆ ಅಂತ ನಗಬೇಡಿ. ಗಾಲಿ ಮೇಲಿನ ಮನೆ ನಮ್ಮಲ್ಲೂ ಇದೆ! ಭಾರತ ಹುಣ್ಣಿಮೆ ಹೊತ್ತಿಗೆ ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗುವ ದಾರಿಯಲ್ಲಿ ನಿಂತು ನೋಡಿ. ಇಲ್ಲಾ ಸವದತ್ತಿ ಯಲ್ಲಮ್ಮನ ಗುಡ್ಡದ ದಾರಿಯಲ್ಲಿ. ಟ್ರಾಕ್ಟರ್ ಹಿಂದಿನ ಟ್ರೇಲರ್‌ಗೆ ಕಮಾನು ಬಾಗಿಸಿ ತಾಡಪತ್ರಿ ಹೊದಿಸಿರುತ್ತಾರೆ. ಒಳಗೆ ಹುಲ್ಲು ಹಾಸಿ ಮೇಲೆ ಕೌದಿ. ಒಂದು ಮೂಲೆಯಲ್ಲಿ ಸ್ಟೋವು, ಇನ್ನೊಂದರಲ್ಲಿ ಕಟಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ ಡಬ್ಬಿ, ನೀರಿನ ಕೊಡ. ಅಜ್ಜಿ, ಸೊಸೆ, ನಾಲ್ಕು ಹುಡುಗರು, ಒಂದು ಹೊಲಿಗೆ ಹಾಕಿದ ಚೀಲದ ತುಂಬಾ ಹಿಟ್ಟು. ಮೂರು ದಿನ ಅದೇ ಮನೆ. ಅಮೆರಿಕದವರ ಗಾಡಿಯಲ್ಲಿ ಬಚ್ಚಲು ಇರುತ್ತದೆ, ನಮ್ಮದರಲ್ಲಿ ಇಲ್ಲ, ಅಷ್ಟೇ ವ್ಯತ್ಯಾಸ :-)

ಜಾತ್ರೆ ಮೂರು ದಿನದ್ದು. ಉಳಿದ ದಿನ ಇದೇ ಗಾಡಿ ಕಬ್ಬು ಹೊರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಬೀಡ ಕಡೆಯಿಂದಲೋ, ವಿಜಯಪುರ ಜಿಲ್ಲೆಯಿಂದಲೋ ಕಡಿಯುವ ಗ್ಯಾಂಗಿನವರು ಸಂಸಾರ ಸಮೇತ ಬರುವುದು ಈ ಗಾಡಿಯಲ್ಲೇ. ಪಾತ್ರೆ, ಕೋಳಿ, ಕೈಗೂಸು ಎಲ್ಲಾ ಅದರಲ್ಲೇ. ಹೊಲದಿಂದ ಹೊಲಕ್ಕೆ ಅವರ ಗುಡಿಸಲು ಸಾಮಾನು ಸಾಗುವುದೂ ಅದರಲ್ಲೇ.

ನಮ್ಮ ಭಾಗದಲ್ಲಿ ಇದಕ್ಕೆ ಟ್ರೇಲರ್ ಅನ್ನುವವರು ಕಮ್ಮಿ. ಬಾಯಲ್ಲಿ 'ಟೇಲರ್' ಅಂತಲೇ ಬರೋದು. ಮೈಸೂರು, ಮಂಗಳೂರು ಕಡೆಯ ಗೆಳೆಯರು "ನಿಮ್ಮೂರಲ್ಲಿ ಟೇಲರ್ ಪಲ್ಟಿ ಆಗಿ ರಸ್ತೆ ಬಂದ್ ಆಯ್ತು" ಅಂತ ಕೇಳಿ, ಪಾಪ ಅಂಗಿ ಹೊಲಿಯುವವನು ಎಷ್ಟು ದಪ್ಪ ಇದ್ದನೋ ಅಂದುಕೊಂಡರೆ ಅವರ ತಪ್ಪಲ್ಲ. ನಾನೂ ಈ ಬರಹದಲ್ಲಿ ಟೇಲರ್ ಅಂತಲೇ ಬರೀತೀನಿ.

ಈ ಟೇಲರ್ ಅಪ್ಪಟ 'ಹೇಳಿ ಮಾಡಿಸಿದ' ಗಾಡಿ. ಟ್ರಾಕ್ಟರ್ ಶೋರೂಮಿನಲ್ಲಿ ಸಿಗುತ್ತದೆ, ಬಣ್ಣ ಆರಿಸಿ ದುಡ್ಡು ಕಟ್ಟಿದರೆ ಮುಗೀತು. ಟೇಲರ್ ಹಾಗಲ್ಲ. ಜಮಖಂಡಿ, ಮುಧೋಳ, ಬನಹಟ್ಟಿ, ಮಹಾಲಿಂಗಪುರ, ಬೀಳಗಿ ಎಲ್ಲೇ ಹೋಗಿ, ಊರು ದಾಟುವ ಮುಂಚೆ ರಸ್ತೆ ಬದಿಗೆ ವೆಲ್ಡಿಂಗ್ ಶಾಪು ಸಿಗುತ್ತದೆ. ಅಲ್ಲಿ ಮಿಸ್ತ್ರಿ ಮುಂದೆ ಕೂತು ಉದ್ದ ಇಷ್ಟು, ಅಗಲ ಇಷ್ಟು, ಎತ್ತರ ಇಷ್ಟು ಅಂತ ಹೇಳಬೇಕು. ಚಾನಲ್ ಎಷ್ಟು ದಪ್ಪ, ಕೆಳಗಿನ ತಗಡು ಎಷ್ಟು ಎಂ.ಎಂ., ಆಕ್ಸಲ್ ಹೊಸದೋ ಗುಜರಿ ಲಾರಿಯದೋ, ಟಾಯರ್ ಹೊಸದೋ ರಿಮೋಲ್ಡೋ, ಎಲ್ಲವೂ ಮಾತುಕತೆ. ಕೊನೆಗೆ ಹಿಂದಿನ ಬಾಗಿಲ ಮೇಲೆ ಏನು ಬರೆಸಬೇಕು ಅನ್ನೋದು. ಬನಹಟ್ಟಿಯವರಾದರೆ ಶ್ರೀ ಕಾಡಸಿದ್ಧೇಶ್ವರ ಪ್ರಸನ್ನ, ಮಹಾಲಿಂಗಪುರದವರಾದರೆ ಶ್ರೀ ಮಹಾಲಿಂಗೇಶ್ವರ ಪ್ರಸನ್ನ. ಕೆಳಗೆ ಮಕ್ಕಳ ಹೆಸರು.

ಈ ಗಾಡಿಯ ರೇಟು ಐದಾರು ವರ್ಷದಲ್ಲಿ ಎಲ್ಲಿಂದ ಎಲ್ಲಿಗೋ ಹೋಗಿದೆ. ಯಾವ ಪತ್ರಿಕೆಯಲ್ಲೂ ಇದರ ಸುದ್ದಿ ಬರೋದಿಲ್ಲ. ಕಾರಿನ ರೇಟು ಸಾವಿರ ರೂಪಾಯಿ ಏರಿದರೆ ಟೀವಿಯಲ್ಲಿ ಅರ್ಧ ಗಂಟೆ ಚರ್ಚೆ ನಡೆಯುತ್ತದೆ. ಟೇಲರ್‌ಗೆ ಕಂಪನಿ ಇಲ್ಲ, ಜಾಹೀರಾತಿಲ್ಲ, ರೇಟ್ ಲಿಸ್ಟ್ ಇಲ್ಲ. ಆದ್ದರಿಂದ ಏರಿದ್ದೂ ಯಾರಿಗೂ ಕಾಣೋದಿಲ್ಲ.

ಯಾಕೆ ಏರಿತು? ಟೇಲರ್ ಅಂದರೆ ಬಹುಪಾಲು ಕಬ್ಬಿಣವೇ. 2020ರ ಮಧ್ಯದಲ್ಲಿ ನಮ್ಮ ದೇಶದ ಮಾರುಕಟ್ಟೆಯಲ್ಲಿ ಉಕ್ಕಿನ ಕಾಯಿಲ್ ಟನ್‌ಗೆ 40 ಸಾವಿರದ ಆಸುಪಾಸಿನಲ್ಲಿತ್ತು. 2022ರ ಏಪ್ರಿಲ್ ಹೊತ್ತಿಗೆ 75 ಸಾವಿರದ ಹತ್ತಿರ ಹೋಯಿತು. ಕೊರೊನಾ ನಂತರ ಎಲ್ಲರೂ ಒಟ್ಟಿಗೆ ಕೊಳ್ಳಲು ನಿಂತರು, ಮೇಲೆ ಉಕ್ರೇನ್ ಯುದ್ಧ. ಕೇಂದ್ರ ಸರ್ಕಾರ 2022ರ ಮೇ ತಿಂಗಳಲ್ಲಿ ಉಕ್ಕಿನ ರಫ್ತಿಗೆ ಶೇ. 15 ಸುಂಕ ಹಾಕಿ ರೇಟು ಇಳಿಸಿತು, ನವೆಂಬರಿನಲ್ಲಿ ಅದನ್ನು ತೆಗೆಯಿತು. ಆಮೇಲೆ ಚೀನಾದಿಂದ ಅಗ್ಗದ ಉಕ್ಕು ಬರಲು ಶುರುವಾದಾಗ, 2025ರ ಏಪ್ರಿಲ್‌ನಲ್ಲಿ ಆಮದಿನ ಮೇಲೆ ಶೇ. 12ರಷ್ಟು ರಕ್ಷಣಾ ಸುಂಕ ಬಿತ್ತು. ಉಕ್ಕಿನ ಕಾರ್ಖಾನೆಗಳಿಗೆ ಅದು ರಕ್ಷಣೆ. ಬನಹಟ್ಟಿಯ ವೆಲ್ಡಿಂಗ್ ಶಾಪಿನವನಿಗೆ ಅದು ಖರ್ಚು.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಟೇಲರ್‌ಗೆ ಎರಡು ಟನ್ ಕಬ್ಬಿಣ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. 40 ಸಾವಿರದ ಲೆಕ್ಕದಲ್ಲಿ 80 ಸಾವಿರ. 75 ಸಾವಿರದ ಲೆಕ್ಕದಲ್ಲಿ ಒಂದೂವರೆ ಲಕ್ಷ. ಇದು ಬರೀ ಕಬ್ಬಿಣ. ನಮ್ಮಲ್ಲಿ ಒಂದು ಟ್ರಾಕ್ಟರ್‌ಗೆ ಎರಡು ಟೇಲರ್ ಬೇಕು, ಅಂದರೆ ಏರಿದ್ದೂ ಎರಡು ಪಟ್ಟು. ಮುಂದೆ ಕಬ್ಬಿಣ ಇಳಿದರೂ ಟೇಲರ್ ಅಷ್ಟೇ ಇಳಿಯಿತು ಅಂತ ತಿಳಿಯಬೇಡಿ. ವೆಲ್ಡಿಂಗ್ ರಾಡು, ಕರೆಂಟು, ಕೂಲಿ ಯಾವುದೂ ಹಿಂದಕ್ಕೆ ಹೋಗುವ ಜಾತಿಯವಲ್ಲ.

ಇದರ ಜೊತೆ ಟ್ರಾಕ್ಟರ್. 2023ರ ಜನವರಿ 1ರಿಂದ 50 ಎಚ್‌ಪಿ ಮೇಲಿನ ಟ್ರಾಕ್ಟರ್‌ಗಳಿಗೆ ಹೊಗೆಯ ಹೊಸ ನಿಯಮ ಬಂತು (ಟ್ರೆಮ್ ನಾಲ್ಕು ಅಂತಾರೆ). ಎಂಜಿನ್ ಬದಲಾಯಿತು, ರೇಟೂ ಬದಲಾಯಿತು. ಎರಡು ತುಂಬಿದ ಟೇಲರ್ ಎಳೆಯೋದಕ್ಕೆ ದೊಡ್ಡ ಟ್ರಾಕ್ಟರೇ ಬೇಕು, ಹಾಗಾಗಿ ಹೊಡೆತ ಬಿದ್ದದ್ದು ಕಬ್ಬು ಸಾಗಿಸುವವರ ಮೇಲೇ.

"ಅಯ್ಯೋ, ಜಿಎಸ್‌ಟಿ ಇಳಿಸಿದರಲ್ಲ ಮಾರಾಯ್ರೇ" ಅಂತೀರಿ. ಹೌದು, ಇಳಿಸಿದರು. 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಬಂತು. 45 ಎಚ್‌ಪಿ ಗಾಡಿಗೆ 45 ಸಾವಿರ, 50 ಎಚ್‌ಪಿಗೆ 53 ಸಾವಿರ ಉಳಿಯುತ್ತದೆ ಅಂತ ಕೇಂದ್ರದ ಕೃಷಿ ಸಚಿವರು ಲೆಕ್ಕ ಕೊಟ್ಟರು. ಟ್ರಾಕ್ಟರ್ ಟಾಯರ್ 18ರಿಂದ 5ಕ್ಕೆ. ತಾನೇ ತುಂಬಿಕೊಳ್ಳುವ ಅಥವಾ ತಾನೇ ಇಳಿಸುವ ಕೃಷಿ ಟ್ರೇಲರ್ ಕೂಡ 12ರಿಂದ 5ಕ್ಕೆ. ಒಳ್ಳೆಯದೇ ಆಯಿತು, ನಾನು ಗೊಣಗೋದಿಲ್ಲ.

ಆದರೆ ಕಬ್ಬಿಣದ ಮೇಲಿನ ತೆರಿಗೆ ಶೇ. 18 ಇದ್ದದ್ದು ಹಾಗೇ ಇದೆ. ದೊಡ್ಡ ಕಂಪನಿ ಕಟ್ಟಿದ ತೆರಿಗೆಯನ್ನು ಲೆಕ್ಕದಲ್ಲಿ ಹಿಂದಕ್ಕೆ ಪಡೆಯುತ್ತದೆ, ಅದಕ್ಕೆ ಅಂತಲೇ ಆಡಿಟರ್ ಇರುತ್ತಾರೆ. ವರ್ಷಕ್ಕೆ 40 ಲಕ್ಷದೊಳಗೆ ವ್ಯಾಪಾರ ಮಾಡುವ, ಜಿಎಸ್‌ಟಿ ನಂಬರೇ ಇಲ್ಲದ ವೆಲ್ಡಿಂಗ್ ಶಾಪಿನವನು ಚಾನಲ್ ತರುವಾಗ ಕಟ್ಟಿದ 18 ಪರ್ಸೆಂಟ್ ಅವನ ಖರ್ಚಿಗೇ ಹೋಯಿತು. ಅವನು ಅದನ್ನು ಟೇಲರ್ ರೇಟಿನಲ್ಲಿ ಸೇರಿಸುತ್ತಾನೆ, ಇನ್ನೇನು ಮಾಡಿಯಾನು? ಟೇಲರ್‌ಗೆ ಹಾಕುವ ಲಾರಿ ಟಾಯರ್‌ಗೆ 28 ಇದ್ದದ್ದು 18 ಆಗಿದೆ, 5 ಆಗಿಲ್ಲ. ಒಟ್ಟಿನಲ್ಲಿ ಶೋರೂಮಿನ ಗಾಡಿಗೆ ಸಿಕ್ಕ ರಿಯಾಯಿತಿ ಊರ ಗಾಡಿಗೆ ಪೂರ್ತಿ ಮುಟ್ಟಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ದುಡ್ಡಿನ ಮಾತು. ರೇಟು ಏರೋದು ಹೊಸದೇನಲ್ಲ, ಬೇಳೆಯಿಂದ ಬಂಗಾರದವರೆಗೆ ಎಲ್ಲಾ ಏರಿದೆ. ನನ್ನ ತಕರಾರು ಬೇರೆ. ರೇಟು ಏರಿದಾಗ ಈ ಗಾಡಿಯಲ್ಲಿ ಏನನ್ನು ಕಡಿಮೆ ಮಾಡುತ್ತಾರೆ ಅನ್ನೋದು ನನ್ನ ಪ್ರಶ್ನೆ.

ಕಾರಿನ ರೇಟು ಏರಿದರೆ ನಾವು ಸಣ್ಣ ಕಾರು ತಗೋತೀವಿ. ಟೇಲರ್ ಕೊಳ್ಳುವವನಿಗೆ ಆ ದಾರಿ ಇಲ್ಲ, ಯಾಕೆಂದರೆ ಅವನಿಗೆ ಟನ್ ಲೆಕ್ಕದಲ್ಲಿ ಬಾಡಿಗೆ. ಸಣ್ಣ ಟೇಲರ್ ಅಂದರೆ ಸಣ್ಣ ಬಾಡಿಗೆ. ಚಾನಲ್ ತೆಳ್ಳಗೆ ಮಾಡೋ ಹಾಗಿಲ್ಲ, ಮೊದಲ ಹಂಗಾಮಿನಲ್ಲೇ ಮುರಿಯುತ್ತದೆ. ಆಕ್ಸಲ್ ಬಿಡೋ ಹಾಗಿಲ್ಲ. ದೇವರ ಹೆಸರು, ಮಗನ ಹೆಸರು ಬಿಡೋಕೆ ಮನಸ್ಸು ಬರೋದಿಲ್ಲ. ಹಾಗಾದರೆ ಏನು ಉಳೀತು? ಶಾಪಿನ ಮುಂದೆ ಮಾತು ಹೀಗೇ ನಡೆಯುತ್ತದೆ:

"ಗೌಡ್ರ, ಬ್ರೇಕ್ ಕೂಡ್ಸೂದೈತೇನ್ರಿ?"

"ಅದಕ್ಕ ಮತ್ತ ಎಷ್ಟ್ ಆಕ್ಕೈತೋ?"

ಮಿಸ್ತ್ರಿ ಒಂದು ಅಂಕಿ ಹೇಳುತ್ತಾನೆ.

"ಬ್ಯಾಡ ಬಿಡೋ ತಮ್ಮಾ. ಟ್ರಾಕ್ಟರಿಗೆ ಐತೆಲಾ ಬ್ರೇಕು. ಅದ್ರ ಬದ್ಲಿ ಬಾಜೂದ್ದು ಒಂದ್ ಫೂಟ್ ಎತ್ತರ ಮಾಡು, ಇನ್ನೊಂದೆರಡ ಟನ್ ಹಿಡೀತೈತಿ."

ಮುಗೀತು. ಬ್ರೇಕ್ ಹೋಯಿತು. ಅದರ ಹಿಂದೆಯೇ ಹಿಂದಿನ ಲೈಟು, ಇಂಡಿಕೇಟರು, ರಿಫ್ಲೆಕ್ಟರ್ ಪಟ್ಟಿ ಹೋದವು. ಇವಕ್ಕೂ ದುಡಿಮೆಗೂ ಸಂಬಂಧ ಇಲ್ಲ. ಇದ್ದರೆ ಒಂದು ಟನ್ ಜಾಸ್ತಿ ಹೊರೋದಿಲ್ಲ, ಇಲ್ಲದಿದ್ದರೆ ಒಂದು ಟನ್ ಕಮ್ಮಿ ಆಗೋದಿಲ್ಲ. ಕಬ್ಬಿಣದ ರೇಟು ಎಲ್ಲಿ ಏರಿದರೂ ಅದರ ಒಂದು ಪಾಲನ್ನು ನಮ್ಮ ರಸ್ತೆಯಲ್ಲಿ ಕತ್ತಲಲ್ಲಿ ಬೈಕ್ ಓಡಿಸುವವನು ತುಂಬುತ್ತಾನೆ ಅಂತ ನಾನು ಹೇಳೋದು ಇದಕ್ಕೇ.

ಬ್ರೇಕ್ ಇಲ್ಲದ ಎರಡು ಟೇಲರ್ ಅಂದರೆ ಏನು ಅಂತ ಊಹಿಸಿ. ಟ್ರಾಕ್ಟರ್‌ನ ಸ್ವಂತ ತೂಕ ಎರಡು, ಎರಡೂವರೆ ಟನ್. ಹಿಂದಿನ ಎರಡು ಟೇಲರ್ ಸೇರಿ ಇಪ್ಪತ್ತು ಟನ್ ಕಬ್ಬು ನಮ್ಮ ಕಡೆ ಹೊಸ ಸುದ್ದಿಯೇನಲ್ಲ. ಏರಿನಲ್ಲಿ ಟ್ರಾಕ್ಟರ್‌ನ ಮುಂದಿನ ಗಾಲಿ ಎದ್ದು ನಿಲ್ಲುವುದನ್ನು ನೀವು ವಿಡಿಯೋಗಳಲ್ಲಿ ನೋಡಿ ಚಪ್ಪಾಳೆ ಹೊಡೆದಿರಬಹುದು. ಇಳಿಜಾರು ಅದಕ್ಕಿಂತ ಕೆಟ್ಟದ್ದು. ಅಲ್ಲಿ ಟ್ರಾಕ್ಟರ್ ಟೇಲರ್‌ಗಳನ್ನು ಎಳೆಯೋದಿಲ್ಲ, ಟೇಲರ್‌ಗಳೇ ಟ್ರಾಕ್ಟರನ್ನು ದಬ್ಬುತ್ತವೆ. ಡ್ರೈವರ್ ಬ್ರೇಕ್ ತುಳಿದರೆ ಎರಡು ಟನ್ನಿನ ಗಾಡಿ ನಿಲ್ಲಲು ನೋಡುತ್ತದೆ, ಇಪ್ಪತ್ತು ಟನ್ನಿನ ಭಾರ ಹಿಂದಿನಿಂದ ಬಂದು ಅದನ್ನು ಅಡ್ಡ ತಿರುಗಿಸುತ್ತದೆ. ಆ ಡ್ರೈವರ್‌ಗೆ ಇಪ್ಪತ್ತು ಇಪ್ಪತ್ತೆರಡು ವಯಸ್ಸು, ರಾತ್ರಿ ಎಲ್ಲಾ ಕಾರ್ಖಾನೆ ಯಾರ್ಡಿನಲ್ಲಿ ಪಾಳಿ ಕಾದು ನಿದ್ದೆಗೆಟ್ಟಿರುತ್ತಾನೆ. ನಿದ್ದೆ ಬರಬಾರದು ಅಂತ ಹಾಡು ಜೋರಾಗಿ ಹಾಕಿರುತ್ತಾನೆ. ಹಿಂದಿನವರ ಹಾರ್ನ್ ಅವನಿಗೆ ಕೇಳೋದಿಲ್ಲ.

ಪಂಕ್ಚರ್ ಆಗಿ ರಸ್ತೆ ಬದಿಗೆ ನಿಂತ ಟೇಲರ್ ಇನ್ನೊಂದು ಬಗೆ. ಹಿಂದಿನ ಲೈಟಿಲ್ಲ, ಪಟ್ಟಿ ಇಲ್ಲ. ಎರಡು ಕಲ್ಲು, ಒಂದಿಷ್ಟು ಕಬ್ಬಿನ ರವದಿ ಇಟ್ಟಿದ್ದರೆ ಅದೇ ಸಿಗ್ನಲ್. ಹಂಗಾಮು ಶುರುವಾಗಿ ಮುಗಿಯುವವರೆಗೆ ಜಿಲ್ಲಾ ಪುಟ ತೆರೆಯಲು ನನಗೆ ಮನಸ್ಸು ಬರೋದಿಲ್ಲ. 'ನಿಂತ ಟ್ರಾಕ್ಟರ್‌ಗೆ ಬೈಕ್ ಡಿಕ್ಕಿ' ಅನ್ನುವ ತಲೆಬರಹ ಇದ್ದೇ ಇರುತ್ತದೆ. ಹೆಸರು ಮಾತ್ರ ಬೇರೆ.

ಹಾಗಂತ ಮಾಲೀಕನೇ ಖಳನಾಯಕ ಅಂತ ತೀರ್ಪು ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಅವನ ಲೆಕ್ಕವನ್ನೂ ನೋಡಿ. ಟ್ರಾಕ್ಟರ್ ಸಾಲದ್ದು, ಟೇಲರ್ ಕೈಗಡದ್ದು. ಗ್ಯಾಂಗಿಗೆ ಹಂಗಾಮಿನ ಮುಂಚೆಯೇ ಮುಂಗಡ ಕೊಡಬೇಕು. ಗ್ಯಾಂಗು ಮುಂಗಡ ತಗೊಂಡು ಬಾರದೇ ಹೋದರೆ ಆ ಸಾಲವೂ ಇವನ ತಲೆ ಮೇಲೆ. ದುಡಿಮೆ ಇರೋದು ವರ್ಷದ ನಾಲ್ಕೈದು ತಿಂಗಳು, ಕಂತು ಮಾತ್ರ ವರ್ಷವಿಡೀ. ಇಂಥವನಿಗೆ 'ಸುರಕ್ಷತೆಗೆ ಆದ್ಯತೆ ಕೊಡಿ' ಅಂತ ಬೋರ್ಡ್ ತೋರಿಸಿದರೆ ಏನು ಉಪಯೋಗ?

2025ರ ನವೆಂಬರ್ ನೆನಪು ಮಾಡಿಕೊಳ್ಳಿ. ಕಬ್ಬಿಗೆ ಟನ್‌ಗೆ 3500 ಕೊಡಿ ಅಂತ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕೂತರು. ಸರ್ಕಾರ 3300ಕ್ಕೆ ತಂದು ನಿಲ್ಲಿಸಿತು. ಮುಧೋಳ ಭಾಗದ ರೈತರು ಒಪ್ಪಲಿಲ್ಲ, ಹೋರಾಟ ಮುಂದುವರಿಯಿತು. ನವೆಂಬರ್ 13ರ ದಿನ ಮಹಾಲಿಂಗಪುರದ ಹತ್ತಿರದ ಸಮೀರವಾಡಿಯಲ್ಲಿ ಕಬ್ಬು ತುಂಬಿ ನಿಂತಿದ್ದ ಟ್ರಾಕ್ಟರ್, ಟೇಲರ್‌ಗಳಿಗೆ ಬೆಂಕಿ ಬಿತ್ತು. ಯಾರು ಹಚ್ಚಿದರು ಅನ್ನೋ ಜಗಳಕ್ಕೆ ನಾನು ಹೋಗೋದಿಲ್ಲ. ಟೀವಿಯಲ್ಲಿ ಉರಿಯುವ ಗಾಡಿಗಳ ಸಾಲು ತೋರಿಸಿದಾಗ ನನಗೆ ಅನ್ನಿಸಿದ್ದು ಒಂದೇ: ಟೇಲರ್ ಸುಟ್ಟಿತು, ಸಾಲ ಸುಡೋದಿಲ್ಲ. ರೈತ ಮತ್ತು ಕಾರ್ಖಾನೆಯ ನಡುವಿನ ಜಗಳದಲ್ಲಿ ಬೂದಿಯಾದದ್ದು ಇಬ್ಬರ ನಡುವೆ ಹೊರುವವನ ಗಾಡಿ.

ಇಲ್ಲಿ ಇನ್ನೊಂದು ಗಂಟಿದೆ. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ, ಶೇ. 10.25 ಇಳುವರಿಗೆ, ಟನ್‌ಗೆ 3550 ರೂಪಾಯಿ. ಆದರೆ ಅದು ಕಾರ್ಖಾನೆ ಬಾಗಿಲಿನ ರೇಟು. ಕಡಿಯುವ ಮತ್ತು ಸಾಗಿಸುವ ಖರ್ಚನ್ನು ಅದರಲ್ಲೇ ಮುರಿದುಕೊಳ್ಳುತ್ತಾರೆ. ಟೇಲರ್ ಬಾಡಿಗೆ ಏರಿಸಿ ಅಂತ ಮಾಲೀಕ ಕೇಳಿದರೆ ಆ ದುಡ್ಡು ಹೋಗೋದು ಕಬ್ಬು ಬೆಳೆದವನ ಕಿಸೆಯಿಂದ. ಅವನು ಕೂಗುತ್ತಾನೆ, ನ್ಯಾಯವೇ. ಬಾಡಿಗೆ ಏರಿಸದಿದ್ದರೆ ಮಾಲೀಕ ಬ್ರೇಕ್ ಬಿಡುತ್ತಾನೆ, ಇನ್ನೆರಡು ಟನ್ ಜಾಸ್ತಿ ಹೇರುತ್ತಾನೆ. ಗಾಡಿಯ ರೇಟು ಏರಿದಷ್ಟೂ ಹೇರು ಏರುತ್ತದೆ, ಹೇರು ಏರಿದಷ್ಟೂ ಬ್ರೇಕ್ ಬೇಕಾಗುತ್ತದೆ, ಬ್ರೇಕಿಗೆ ದುಡ್ಡು ಉಳಿಯೋದಿಲ್ಲ. ಈ ಗಾಣದಲ್ಲಿ ಎಲ್ಲರೂ ಸುತ್ತುತ್ತಿದ್ದೇವೆ.

ಕಾಯಿದೆ ಏನು ಹೇಳುತ್ತದೆ? ಟ್ರಾಕ್ಟರ್‌ಗೆ ಬೇರೆ ನೋಂದಣಿ, ಟೇಲರ್‌ಗೆ ಬೇರೆ ನೋಂದಣಿ ಬೇಕು. ಜಮಖಂಡಿ ಆರ್‌ಟಿಓದು ಕೆಎ 48, ಬಾಗಲಕೋಟೆಯದು ಕೆಎ 29. ಮುಂದಿನ ಹಂಗಾಮಿನಲ್ಲಿ ಒಂದು ಗಂಟೆ ರಸ್ತೆ ಬದಿ ನಿಂತು ಟೇಲರ್ ಹಿಂದೆ ಯಾವ ನಂಬರ್ ಇದೆ ನೋಡಿ. ದೇವರ ಹೆಸರು ಕಾಣುತ್ತದೆ, ಮಗನ ಹೆಸರು ಕಾಣುತ್ತದೆ, ನಂಬರ್ ಹುಡುಕಬೇಕು. ಇನ್ನು ವಿಮೆ. ಕೃಷಿ ಟೇಲರ್‌ನಲ್ಲಿ ಕೂತು ಹೋಗುವವರಿಗೆ ವಿಮೆ ಇಲ್ಲ. ಟ್ರಾಲಿಯಲ್ಲಿ ಕೂತಿದ್ದ ಕೂಲಿಯೊಬ್ಬನ ಕೇಸಿನಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್, ವಿಮಾ ಕಂಪನಿಗೆ ಹೊಣೆಯಿಲ್ಲ, ಆದರೆ ಬಡವ ಅಲೆಯಬಾರದು, ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಅಂದಿತು. ಅಂದರೆ ಚಿಂಚಲಿಗೆ ಹೊರಟ ಅಜ್ಜಿ, ಸೊಸೆ, ಮಕ್ಕಳ ಗಾಡಿಗೆ ಏನಾದರೂ ಆದರೆ, ಕೊನೆಗೆ ಆ ಭಾರ ಬೀಳೋದು ಅದೇ ಮನೆಯ ಹೊಲದ ಮೇಲೆ.

ಹಿಂದೆ ಹೇಗಿತ್ತು ಅಂತ ಸ್ವಲ್ಪ ನೋಡಿ. ಟೇಲರ್‌ಗಿಂತ ಮುಂಚೆ ನಮ್ಮಲ್ಲಿ ಚಕ್ಕಡಿ. ಅದೂ ಹೇಳಿ ಮಾಡಿಸಿದ ಗಾಡಿಯೇ. ಊರ ಬಡಿಗೇರ ಜಾಲಿ ಕಟ್ಟಿಗೆಯಲ್ಲಿ ಗಾಲಿ ಮಾಡುತ್ತಿದ್ದ, ಕಂಬಾರ ಹಳಿ ಕಾಯಿಸಿ ಏರಿಸುತ್ತಿದ್ದ. ಅವರಿಗೆ ಸುಗ್ಗಿಯಲ್ಲಿ ಜೋಳದ ಆಯ. ಆಯ ಕೊಡುವುದು ಒಂದು ಗಾಡಿಗೆ ಒಂದು ಸಲ ಅಲ್ಲ, ಪ್ರತಿವರ್ಷ. ಆದ್ದರಿಂದ ಗಾಲಿ ಸಡಿಲಾದರೂ, ಹಳಿ ಕಳಚಿದರೂ ಸರಿಮಾಡುವುದು ಅವರದೇ ಹೊಣೆ. ಆ ಪದ್ಧತಿ ಚೆನ್ನಾಗಿತ್ತು ಅಂತ ನಾನು ಹಾಡಿ ಹೊಗಳೋದಿಲ್ಲ. ಅದರಲ್ಲಿ ಜಾತಿಯ ಕಟ್ಟು ಇತ್ತು, ಬಡಿಗೇರನ ಮಗ ಬಡಿಗೇರನೇ ಆಗಬೇಕಿತ್ತು, ಅದು ಹೋದದ್ದು ಒಳ್ಳೆಯದೇ. ಆದರೆ ಅದರ ಒಂದು ಮಾತು ಇಟ್ಟುಕೊಳ್ಳಬಹುದಿತ್ತು: ಗಾಡಿಯ ರೇಟು ಮತ್ತು ಗಾಡಿಯ ಹೊಣೆ ಎರಡೂ ಒಂದೇ ಗಂಟಿನಲ್ಲಿದ್ದವು. ಇವತ್ತು ರೇಟು ಶಾಪಿನಲ್ಲಿ ಮುಗಿಯುತ್ತದೆ, ಹೊಣೆ ರಸ್ತೆಯಲ್ಲಿ ಅನಾಥವಾಗಿ ಬಿದ್ದಿರುತ್ತದೆ.

ಕೆಲವರು ಹೇಳುತ್ತಾರೆ, ದಂಡ ಹಾಕಿ, ನಂಬರ್ ಇಲ್ಲದ ಟೇಲರ್ ಸೀಜ್ ಮಾಡಿ ಅಂತ. ಹಂಗಾಮಿನ ನಡುವೆ ಹಾಗೆ ಮಾಡಿದರೆ ಕಾರ್ಖಾನೆ ನಿಲ್ಲುತ್ತದೆ, ಕಡಿದ ಕಬ್ಬು ಒಣಗುತ್ತದೆ, ಎರಡೇ ದಿನಕ್ಕೆ ದೊಡ್ಡವರ ಫೋನು ಬಂದು ಎಲ್ಲಾ ಮೊದಲಿನಂತಾಗುತ್ತದೆ. ಇನ್ನು ಕೆಲವರು, ಕಂಪನಿಯಲ್ಲೇ ತಯಾರಾದ ಟೇಲರ್ ಬಿಟ್ಟು ಬೇರೆ ಯಾವುದಕ್ಕೂ ಅನುಮತಿ ಕೊಡಬೇಡಿ ಅನ್ನುತ್ತಾರೆ. ಯುರೋಪಿನಲ್ಲಿ ಕೃಷಿ ಟ್ರೇಲರ್‌ನ ಬ್ರೇಕಿಗೂ ಬಿಗಿಯಾದ ನಿಯಮಗಳಿವೆ, ನಿಜ. ಆದರೆ ಆ ನಿಯಮವನ್ನು ಹಾಗೇ ತಂದು ಇಲ್ಲಿ ಅಂಟಿಸಿದರೆ ನಾಲ್ಕು ತಾಲೂಕಿನ ವೆಲ್ಡಿಂಗ್ ಶಾಪುಗಳಿಗೆ ಬೀಗ. ರಬಕವಿ, ಬನಹಟ್ಟಿಯಲ್ಲಿ ಕೈಮಗ್ಗಕ್ಕೆ ಏನಾಯಿತು ಅಂತ ನಾವೆಲ್ಲ ಕಣ್ಣಾರೆ ಕಂಡವರು. ಊರ ಕಸುಬನ್ನು ಇನ್ನೊಂದು ಸಲ ಕೊಂದು, ಆಮೇಲೆ ಅದರ ಹೆಸರಲ್ಲಿ ಉತ್ಸವ ಮಾಡೋದು ಬೇಡ.

ನನಗೆ ತೋಚಿದ್ದು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಮೊದಲನೆಯದು, ಶಾಪಿನವನ ಕೈಗೆ ಒಂದು ಒಳ್ಳೆಯ ನಕ್ಷೆ ಕೊಡಿ. ಬಾಗಲಕೋಟೆಯಲ್ಲಿ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿದೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ. ಇಷ್ಟು ಟನ್ನಿನ ಟೇಲರ್‌ಗೆ ಇಂಥ ಆಕ್ಸಲ್, ಇಂಥ ಬ್ರೇಕು, ಇಂಥ ಕೊಂಡಿ, ಲೈಟು ಇಲ್ಲಿ ಅಂತ ಕನ್ನಡದಲ್ಲಿ ಬರೆದ, ಆರ್‌ಟಿಓ ಒಪ್ಪುವ ನಕ್ಷೆ. ಅದರಂತೆ ಕಟ್ಟಿದರೆ ನೋಂದಣಿ ಸಲೀಸು ಆಗಬೇಕು. ನಮ್ಮ ಮಿಸ್ತ್ರಿಗಳ ಕೈಯಲ್ಲಿ ಕೊರತೆ ಇಲ್ಲ, ಅವರಿಗೆ ಯಾರೂ ಕಾಗದ ಕೊಟ್ಟಿಲ್ಲ ಅಷ್ಟೇ.

ಎರಡನೆಯದು, ಬ್ರೇಕಿನ ದುಡ್ಡು. ಇದನ್ನು ಮಾಲೀಕನೊಬ್ಬನ ಮೇಲೆ ಹಾಕಬೇಡಿ, ಕಬ್ಬು ಬೆಳೆದವನ ಬಿಲ್ಲಿನಲ್ಲೂ ಮುರಿಯಬೇಡಿ. ಕಾರ್ಖಾನೆ ಕೊಡಲಿ. ಲೆಕ್ಕಕ್ಕೆ ಹಿಡಿಯೋಣ: ಒಂದು ಕಾರ್ಖಾನೆ ಹಂಗಾಮಿನಲ್ಲಿ 10 ಲಕ್ಷ ಟನ್ ನುರಿಸುತ್ತದೆ. ಟನ್‌ಗೆ 5 ರೂಪಾಯಿ ತೆಗೆದಿಟ್ಟರೆ 50 ಲಕ್ಷ. ಒಂದು ಟೇಲರ್‌ಗೆ ಬ್ರೇಕು, ಲೈಟು, ಪಟ್ಟಿ ಎಲ್ಲಾ ಸೇರಿ 25 ಸಾವಿರ ಆಗುತ್ತದೆ ಅಂದುಕೊಂಡರೂ ವರ್ಷಕ್ಕೆ 200 ಟೇಲರ್. ಐದು ವರ್ಷದಲ್ಲಿ ಸಾವಿರ. ಟನ್‌ಗೆ 5 ರೂಪಾಯಿ ಅಂದರೆ ಕಿಲೋ ಕಬ್ಬಿಗೆ ಅರ್ಧ ಪೈಸೆ. ಸಕ್ಕರೆ, ಕರೆಂಟು, ಎಥನಾಲ್ ಮೂರೂ ಮಾರುವವರಿಗೆ ಇದು ಹೊರಲಾರದ ಭಾರವೇ?

ಮೂರನೆಯದು, ಗೇಟು. ಹಂಗಾಮಿನ ಆರಂಭದಲ್ಲಿ ಪೊಲೀಸರು ರಿಫ್ಲೆಕ್ಟರ್ ಅಂಟಿಸಿ ಫೋಟೋ ತೆಗೆಸಿಕೊಳ್ಳೋದು ಇದ್ದೇ ಇದೆ. ಅದು ಸಾಲದು. ಎಲ್ಲಾ ಟೇಲರ್ ಬಂದೇ ಬರುವ ಜಾಗ ಅಂದರೆ ಕಾರ್ಖಾನೆಯ ತೂಕದ ಕಾಟಾ. ಅಲ್ಲಿ ಟೋಕನ್ ಕೊಡುವಾಗಲೇ ಲೈಟು ಇದೆಯಾ, ಪಟ್ಟಿ ಇದೆಯಾ, ಬ್ರೇಕ್ ಹಿಡಿಯುತ್ತದೆಯಾ ನೋಡಿದರೆ ಸಾಕು. ಮೊದಲ ವರ್ಷ ಪಟ್ಟಿ ಮತ್ತು ಲೈಟು. ಎರಡನೆಯ ವರ್ಷದಿಂದ ಹೊಸ ಟೇಲರ್‌ಗೆ ಬ್ರೇಕ್ ಕಡ್ಡಾಯ. ಹಳೆಯದಕ್ಕೆ ಮೂರು ವರ್ಷ ಕಾಲಾವಕಾಶ. ಕಬ್ಬಿನ ತೂಕವನ್ನು ಕಿಲೋ ಬಿಡದೇ ನೋಡುವ ಕಾಟಾದಲ್ಲಿ ಹೇರು ಮಿತಿ ಮೀರಿದ್ದೂ ಕಾಣುತ್ತದೆ. ಕಾಣೋದಿಲ್ಲ ಅನ್ನೋ ಮಾತನ್ನು ಯಾರೂ ಹೇಳಬಾರದು.

"ಇದೆಲ್ಲಾ ನಮ್ಮ ಕಡೆ ಆಗೋ ಮಾತಾ?" ಅನ್ನುವವರಿಗೆ ಒಂದೇ ಉತ್ತರ: ಚಿಕ್ಕಪಡಸಲಗಿ. 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿದ್ದು ಸರ್ಕಾರ ಅಲ್ಲ, ಜಮಖಂಡಿ ಭಾಗದ ರೈತರು. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಮ್ಮದೇ ದುಡ್ಡು ಹಾಕಿ, ತಾವೇ ಕಲ್ಲು ಮಣ್ಣು ಹೊತ್ತು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಅಂತ ಹೆಸರು. ಇವತ್ತು ಈ ಭಾಗದಲ್ಲಿ ಇಷ್ಟು ಕಬ್ಬು, ಇಷ್ಟು ಕಾರ್ಖಾನೆ, ಇಷ್ಟು ಟೇಲರ್ ಇರುವುದರ ಹಿಂದೆ ಆ ನೀರಿನ ಪಾಲೂ ಇದೆ. ನದಿಯನ್ನು ನಿಲ್ಲಿಸಿದ ಊರಿನವರಿಗೆ ಟೇಲರ್ ನಿಲ್ಲಿಸೋಕೆ ಬರೋದಿಲ್ಲ ಅಂದರೆ ನಾನು ನಂಬೋದಿಲ್ಲ.

ಕಬ್ಬಿಣದ ರೇಟು ನಮ್ಮ ಕೈಯಲ್ಲಿಲ್ಲ. ಅದು ದಿಲ್ಲಿಯಲ್ಲಿ, ಚೀನಾದಲ್ಲಿ ತೀರ್ಮಾನ ಆಗುತ್ತದೆ. ಏರಿದ ರೇಟನ್ನು ಯಾವ ಭಾಗದಲ್ಲಿ ಕತ್ತರಿಸಬೇಕು ಅನ್ನೋದು ಮಾತ್ರ ನಮ್ಮ ನಮ್ಮ ಊರ ಶಾಪಿನ ಮುಂದೆ ತೀರ್ಮಾನ ಆಗುತ್ತದೆ. ಅಲ್ಲಿ ಬ್ರೇಕ್ ಕತ್ತರಿಸುವ ಅನಿವಾರ್ಯ ಯಾರಿಗೂ ಬರದ ಹಾಗೆ ನೋಡಿಕೊಳ್ಳೋದು, ಈ ಕಬ್ಬಿನಿಂದ ಎಲ್ಲರಿಗಿಂತ ಹೆಚ್ಚು ಗಳಿಸುವವರ ಕೆಲಸ. ನನ್ನ ಮಾತು ಇಷ್ಟೇ.

ಮಂಡ್ಯದ ಗೆಳೆಯರೇ, ನಿಮ್ಮ ಕಡೆ ಎತ್ತಿನ ಗಾಡಿ, ಲಾರಿ, ಟ್ರಾಕ್ಟರ್ ಎಲ್ಲದರಲ್ಲೂ ಕಬ್ಬು ಹೋಗುತ್ತದಲ್ಲ, ಅಲ್ಲಿ ಬ್ರೇಕ್, ಲೈಟಿನ ಕಥೆ ಏನು? ಗಂಗಾವತಿ, ಸಿಂಧನೂರು ಕಡೆ ಭತ್ತ ಹೊರುವ ಟ್ರಾಲಿಗಳದ್ದು? ಬೀದರ್‌ನವರು ಯಾರಾದರೂ ಇದ್ದೀರಾ? ನಿಮ್ಮೂರಲ್ಲಿ ಯಾವ ಶಾಪಿನವರಾದರೂ ಒಳ್ಳೆಯ ಬ್ರೇಕ್ ಹಾಕಿ ಟೇಲರ್ ಕಟ್ಟುತ್ತಿದ್ದರೆ, ಹೇಗೆ ಕಟ್ಟುತ್ತಾರೆ, ಅದಕ್ಕೆ ಎಷ್ಟು ಖರ್ಚು ಅನ್ನೋದನ್ನು ದಯವಿಟ್ಟು ಬರೆಯಿರಿ. ಇಲ್ಲಿನ ಮಿಸ್ತ್ರಿಗಳಿಗೆ ಪ್ರಿಂಟ್ ತೆಗೆದು ತೋರಿಸುವ ಕೆಲಸ ನನಗಿರಲಿ.